ಲಾರಿಯ ಮೈಲೇಜ್ ಇಳಿದಾಗ: ಡಿಜಿಟಲ್ ಗೇಜ್ ನೋಡಿ ದೋಷ ಹುಡುಕುವ ಕ್ರಮ

ಮೈಲೇಜ್ ಇಳಿಯಿತು ಎಂದ ಕೂಡಲೇ ಗ್ಯಾರೇಜಿನಲ್ಲಿ ಮೊದಲು ಕೈ ಹೋಗುವುದು ಎಂಜಿನ್ನಿನೊಳಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರಿಗೆ. ಅದು ದುಬಾರಿ ಕೆಲಸ, ಎಷ್ಟೋ ಸಲ ಬೇಡದ ಕೆಲಸ. ಲೀಟರಿಗೆ 4.2 ಕಿಲೋಮೀಟರ್ ಕೊಡುತ್ತಿದ್ದ ಹತ್ತು ಚಕ್ರದ ಲಾರಿ 3.7ಕ್ಕೆ ಇಳಿದರೆ ಪ್ರತಿ ಸಾವಿರ ಕಿಲೋಮೀಟರಿಗೆ ಸುಮಾರು 32 ಲೀಟರ್ ಡೀಸೆಲ್ ಹೆಚ್ಚಿಗೆ ಬೇಕು. ಆ ಡೀಸೆಲ್ ಹೋಗುವುದಕ್ಕೆ ಮೂರು ದಾರಿಗಳಿವೆ. ಲಾರಿಯನ್ನು ಉರುಳಿಸಲು ಮೊದಲಿಗಿಂತ ಹೆಚ್ಚು ಶಕ್ತಿ ಬೇಕಾಗುತ್ತಿರಬಹುದು. ಅಷ್ಟೇ ಶಕ್ತಿಗೆ ಎಂಜಿನ್ ಹೆಚ್ಚು ಡೀಸೆಲ್ ಸುಡುತ್ತಿರಬಹುದು. ಅಥವಾ ಲಾರಿ ಮುಂದೆ ಸಾಗದಿರುವಾಗಲೂ ಡೀಸೆಲ್ ಖರ್ಚಾಗುತ್ತಿರಬಹುದು. ಈ ಮೂರರಲ್ಲಿ ಯಾವುದು ಎಂದು ಸ್ಪ್ಯಾನರ್ ಹಿಡಿಯುವ ಮೊದಲೇ ಹೇಳಬಲ್ಲದ್ದು ಡಿಜಿಟಲ್ ಗೇಜ್. ಅದನ್ನು ಸರಿಯಾಗಿ ಓದುವುದನ್ನು ಕಲಿತರೆ ಸಾಕು.

ಇಲ್ಲಿ ಹೇಳಿರುವುದು ಎಲೆಕ್ಟ್ರಾನಿಕ್ ನಿಯಂತ್ರಣದ ಕಾಮನ್ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹೋಗುವ) ಡೀಸೆಲ್ ಎಂಜಿನ್ ಇರುವ ಲಾರಿಗಳ ವಿಷಯ. ಬಿಎಸ್‌4 (ಬಿಎಸ್ ಎಂದರೆ ವಾಹನದ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತ) ಲಾರಿಗಳಲ್ಲಿ ಅನೇಕವು, 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿಎಸ್‌6 ಲಾರಿಗಳೆಲ್ಲವೂ ಈ ಗುಂಪಿಗೆ ಸೇರುತ್ತವೆ. ಗೇಜ್ ಎಂದರೆ ಡಯಾಗ್ನೋಸ್ಟಿಕ್ ಸಾಕೆಟ್ಟಿಗೆ ಸಿಕ್ಕಿಸುವ ಸ್ಕ್ಯಾನರ್ ಆಗಬಹುದು, ಡ್ಯಾಶ್‌ಬೋರ್ಡಿನ ಮೇಲೆ ಕೂರಿಸುವ ಪುಟ್ಟ ಪರದೆ ಆಗಬಹುದು, ಲಾರಿಯ ಅಂಕಿಗಳನ್ನು ಮೊಬೈಲಿಗೆ ಕಳಿಸುವ, ಕಂಪನಿಯೇ ಕೊಟ್ಟ ಟೆಲಿಮ್ಯಾಟಿಕ್ಸ್ ಆ್ಯಪ್ ಕೂಡ ಆಗಬಹುದು.

ಕೊಳ್ಳುವ ಮೊದಲು ಒಂದು ಎಚ್ಚರಿಕೆ. ಭಾರಿ ಲಾರಿಗಳಲ್ಲಿ ಇರುವುದು 24 ವೋಲ್ಟ್. ಕಾರಿಗೆಂದು ಮಾಡಿದ ಅಗ್ಗದ 12 ವೋಲ್ಟಿನ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಅದು ಸುಟ್ಟುಹೋಗಬಹುದು, ಜೊತೆಗೆ ಲಾರಿಯ ವೈರಿಂಗಿಗೂ ತೊಂದರೆ ತರಬಹುದು. ಪೆಟ್ಟಿಗೆಯ ಮೇಲೆ 24 ವೋಲ್ಟ್ ಮತ್ತು ಜೆ1939 (ಭಾರಿ ವಾಹನಗಳ ಕಂಪ್ಯೂಟರ್ ಮಾತಾಡುವ ಭಾಷೆಯ ಹೆಸರು) ಎಂದು ಸ್ಪಷ್ಟವಾಗಿ ಬರೆದಿರುವುದನ್ನೇ ತೆಗೆದುಕೊಳ್ಳಿ. ಓಡಿಸುತ್ತಿರುವಾಗ ಅಂಕಿ ಗಮನಿಸುವ ಕೆಲಸ ಪಕ್ಕದಲ್ಲಿ ಕುಳಿತವರದು. ಚಾಲಕನ ಕಣ್ಣು ರಸ್ತೆಯ ಮೇಲೇ ಇರಬೇಕು. ಜೊತೆಗೆ ಯಾರೂ ಇಲ್ಲದಿದ್ದರೆ ದಾಖಲಿಸಿಕೊಳ್ಳುವ ಸೌಲಭ್ಯವಿರುವ ಗೇಜ್ ಬಳಸಿ, ಲಾರಿ ನಿಲ್ಲಿಸಿದ ಮೇಲೆ ನೋಡಿ.

ಲಕ್ಷಣ: ಮೈಲೇಜ್ ಇಳಿದಿದೆ ಎನ್ನುತ್ತಾರೆ, ಲಾರಿಯಲ್ಲಿ ಬೇರೆ ಯಾವ ವ್ಯತ್ಯಾಸವೂ ಇಲ್ಲ

ಇಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಲೆಕ್ಕವನ್ನು. ಇದಕ್ಕೆ ಕಾಸು ಖರ್ಚಿಲ್ಲ.

ಮಂಗಳೂರಿನಿಂದ ಬೆಂಗಳೂರಿಗೆ ಬಂದ ಟ್ರಿಪ್ಪನ್ನು ಬೆಂಗಳೂರಿನಿಂದ ಮಂಗಳೂರಿಗೆ ಹೋದ ಟ್ರಿಪ್ಪಿನ ಜೊತೆ ಹೋಲಿಸಬಾರದು. 28 ಟನ್ ತೂಕವನ್ನು ಕಡಲ ಮಟ್ಟದಿಂದ 900 ಮೀಟರ್ ಮೇಲಕ್ಕೆ ಎತ್ತುವುದಕ್ಕೇ ಸುಮಾರು 17 ಲೀಟರ್ ಡೀಸೆಲ್ ಬೇಕು. ರಸ್ತೆಯಲ್ಲಿ ಉರುಳುವುದಕ್ಕೆ ತಗಲುವ ಡೀಸೆಲ್ ಇದಕ್ಕೆ ಸೇರಿಲ್ಲ. ಹಾಗಾಗಿ ಹೋಗಿ ಬಂದದ್ದನ್ನು ಕೂಡಿಸಿಯೇ ಲೆಕ್ಕ ಹಾಕಿ, ತೂಕದ ಚೀಟಿಗಳನ್ನೂ ಜೊತೆಗಿಟ್ಟುಕೊಳ್ಳಿ. ಟ್ಯಾಂಕ್ ತುಂಬಿಸುವುದು ಒಂದೇ ಬಂಕಿನಲ್ಲಿ, ಸಮತಟ್ಟಾದ ಜಾಗದಲ್ಲಿ, ನೊರೆ ಇಳಿದು ಕಂಠಮಟ್ಟ ಕಾಣುವ ತನಕ ಇರಲಿ.

ಇತ್ತೀಚೆಗೆ ಹಿಂದಿನ ಟೈರುಗಳನ್ನು ಬದಲಿಸಿದ್ದೀರಾ? ಸವೆದ ಟೈರಿಗಿಂತ ಹೊಸ ಟೈರಿನ ಸುತ್ತಳತೆ ದೊಡ್ಡದು. 12 ಮಿಲಿಮೀಟರ್ ಗುಂಡಿ (ಟೈರಿನ ಮೇಲ್ಮೈಯ ರಬ್ಬರ್ ಅಚ್ಚು) ಸವೆದಿದ್ದ ಟೈರನ್ನು ತೆಗೆದು ಹೊಸದು ಹಾಕಿದರೆ ಚಕ್ರದ ಒಂದು ಸುತ್ತಿಗೆ ಲಾರಿ ಶೇಕಡ 2ಕ್ಕಿಂತ ತುಸು ಹೆಚ್ಚು ದೂರ ಹೋಗುತ್ತದೆ. ಮೀಟರಿಗೆ ಅದು ಗೊತ್ತಿಲ್ಲ, ಕಡಿಮೆ ಕಿಲೋಮೀಟರ್ ತೋರಿಸುತ್ತದೆ. ಡೀಸೆಲ್ ಒಂದು ಹನಿ ಹೆಚ್ಚು ಸುಡದಿದ್ದರೂ ಮೈಲೇಜ್ ಇಳಿದಂತೆ ಕಾಣುತ್ತದೆ. ಇದರ ಮೇಲೆ, ಹೊಸ ಟೈರಿನ ಆಳವಾದ ಗುಂಡಿಯಿಂದ ಉರುಳುವಿಕೆ ಸ್ವಲ್ಪ ಭಾರವೂ ಆಗುತ್ತದೆ. ಮೊಬೈಲಿನ ಜಿಪಿಎಸ್ ಇಟ್ಟು ಹೆದ್ದಾರಿಯಲ್ಲಿ 100 ಕಿಲೋಮೀಟರ್ ಹೋಲಿಸಿದರೆ ಮೀಟರ್ ಎಷ್ಟು ತಪ್ಪುತ್ತಿದೆ ಎಂದು ತಿಳಿಯುತ್ತದೆ.

ಗೇಜಿನಲ್ಲಿ ಒಟ್ಟು ಬಳಸಿದ ಇಂಧನ ಎಂಬ ಅಂಕಿ ಇದ್ದರೆ ಟ್ಯಾಂಕ್ ತುಂಬಿಸಿದಾಗಲೆಲ್ಲ ಅದನ್ನು ಬರೆದಿಡಿ. ಅದು ಅಳೆದ ಅಂಕಿಯಲ್ಲ. ಇಂಜೆಕ್ಟರನ್ನು ಎಷ್ಟು ಹೊತ್ತು ತೆರೆದೆ, ಎಷ್ಟು ಒತ್ತಡದಲ್ಲಿ ತೆರೆದೆ ಎಂಬುದರಿಂದ ಎಂಜಿನ್ ಕಂಪ್ಯೂಟರ್ ಹಾಕಿಕೊಳ್ಳುವ ಲೆಕ್ಕ. ಬಂಕಿನ ಬಿಲ್ಲಿಗೂ ಅದಕ್ಕೂ ಶೇಕಡ ಮೂರೋ ನಾಲ್ಕೋ ವ್ಯತ್ಯಾಸ ಇದ್ದರೆ ಚಿಂತೆಯಿಲ್ಲ. ಆ ವ್ಯತ್ಯಾಸ ಪ್ರತಿ ಸಲವೂ ಒಂದೇ ಆಗಿರಬೇಕು, ಅಷ್ಟೆ. ಅದು ಇದ್ದಕ್ಕಿದ್ದಂತೆ ಹಿಗ್ಗಿದರೆ, ಬಂಕಿನಲ್ಲಿ ಹಾಕಿಸಿದ ಡೀಸೆಲ್ ಲೆಕ್ಕದ ದಾರಿಯಲ್ಲಿ ಸುಟ್ಟಿಲ್ಲ ಎಂದರ್ಥ. ಇಷ್ಟು ನೋಡಿಯೇ ಮಾಲೀಕರು ಚಾಲಕನ ಮೇಲೆ ಕಳವಿನ ಆರೋಪ ಹೊರಿಸುವುದುಂಟು. ದಯವಿಟ್ಟು ಆತುರ ಬೇಡ. ಉಳಿದ ಡೀಸೆಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪಿನ ಜೋಡಣೆ ಜಿನುಗುತ್ತಿರಬಹುದು, ಟ್ಯಾಂಕಿನ ಬೆಸುಗೆ ಬಿಟ್ಟಿರಬಹುದು, ಸವೆದ ಇಂಜೆಕ್ಟರ್ ಕಂಪ್ಯೂಟರ್ ಹೇಳಿದ್ದಕ್ಕಿಂತ ಹೆಚ್ಚು ಸುರಿಯುತ್ತಿರಬಹುದು, ಬಂಕಿನ ಅಳತೆಯೇ ಕಡಿಮೆ ಇರಬಹುದು. ರಾತ್ರಿ ಲಾರಿ ನಿಲ್ಲಿಸಿದ ಜಾಗದಲ್ಲಿ ಕಾರ್ಡ್‌ಬೋರ್ಡ್ ಹಾಸಿಟ್ಟು ಬೆಳಿಗ್ಗೆ ನೋಡಿ. ಬೇರೆ ಬಂಕಿನಲ್ಲಿ ಹಾಕಿಸಿ ನೋಡಿ. ಒಬ್ಬ ಮನುಷ್ಯನ ಹೆಸರು ಕೆಡಿಸುವುದಕ್ಕೆ ಮೊದಲು ಇಷ್ಟನ್ನಾದರೂ ಮಾಡಲೇಬೇಕು.

ಇನ್ನೊಂದು ಪುಕ್ಕಟೆ ಪರೀಕ್ಷೆ: ಡ್ಯಾಶ್‌ಬೋರ್ಡಿನಲ್ಲಿ ಲೈಟ್, ಮೀಡಿಯಂ, ಹೆವಿ ಎಂದು ಶಕ್ತಿ ಬದಲಿಸುವ ಸ್ವಿಚ್ ಇದೆಯೇ? ಖಾಲಿ ಲಾರಿ ಹೆವಿಯಲ್ಲೇ ಓಡುತ್ತಿದೆಯೇ ಎಂದು ನೋಡಿ.

ಮುಂದಿನ ಎಲ್ಲದಕ್ಕೂ ಆಧಾರ: ಲೋಡ್ ಶೇಕಡಾವಾರು

ಲೆಕ್ಕ ಸರಿಯಾಗಿದೆ, ಮೈಲೇಜ್ ನಿಜವಾಗಿಯೂ ಇಳಿದಿದೆ ಎಂದು ಖಚಿತವಾದ ಮೇಲೆ ನೋಡಬೇಕಾದದ್ದು ಎಂಜಿನ್ ಲೋಡ್ ಎಂಬ ಒಂದೇ ಅಂಕಿಯನ್ನು. ಆ ವೇಗದಲ್ಲಿ ಎಂಜಿನ್ ಕೊಡಬಲ್ಲ ಗರಿಷ್ಠ ಎಳೆತದಲ್ಲಿ ಶೇಕಡ ಎಷ್ಟನ್ನು ಈಗ ಕೊಡುತ್ತಿದೆ ಎಂಬುದು ಅದು.

ನಿಮಗೆ ಚೆನ್ನಾಗಿ ಗೊತ್ತಿರುವ, ಎರಡು ಮೂರು ಕಿಲೋಮೀಟರ್ ಮಟ್ಟಸವಾಗಿರುವ ಹೆದ್ದಾರಿಯ ಒಂದು ತುಂಡನ್ನು ಆರಿಸಿಕೊಳ್ಳಿ. ಚಿತ್ರದುರ್ಗ–ದಾವಣಗೆರೆಯ ನಡುವೆ, ಹುಬ್ಬಳ್ಳಿ ದಾಟಿದ ಮೇಲೆ, ಎಲ್ಲಿಯಾದರೂ ಸರಿ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಅದೇ ಗೇರಿನಲ್ಲಿ, 60 ಕಿಲೋಮೀಟರ್ ವೇಗವನ್ನು ಕದಲದಂತೆ ಹಿಡಿದು, ಎರಡೂ ದಿಕ್ಕಿನಲ್ಲಿ ಓಡಿಸಿ. ಗಾಳಿ ಒಂದು ಕಡೆಯಿಂದ ಬೀಸುತ್ತಿದ್ದರೆ ಸರಾಸರಿಯಲ್ಲಿ ಅದು ಕಳೆದುಹೋಗುತ್ತದೆ. ಲೋಡ್, ಗಂಟೆಗೆ ಎಷ್ಟು ಲೀಟರ್, ಬೂಸ್ಟ್ (ಟರ್ಬೊ ಎಂಜಿನ್ನಿಗೆ ತಳ್ಳುವ ಗಾಳಿಯ ಒತ್ತಡ), ಕೂಲೆಂಟ್ ಉಷ್ಣತೆ, ಸೈಲೆನ್ಸರಿನ ಗ್ಯಾಸ್ ಉಷ್ಣತೆ, ರೈಲ್ ಒತ್ತಡ ಇಷ್ಟನ್ನೂ ಬರೆದುಕೊಳ್ಳಿ, ಹೇರಿದ ತೂಕದ ಜೊತೆಗೆ. ಗೇರ್ ಬದಲಾದರೆ ಲೋಡ್ ಅಂಕಿಯೂ ಬದಲಾಗುತ್ತದೆ. ಮೇಲಿನ ಗೇರಿನಲ್ಲಿ ಅದು ಹೆಚ್ಚು ಕಾಣುತ್ತದೆ, ಡೀಸೆಲ್ ಮಾತ್ರ ಕಡಿಮೆ ಹೋಗುತ್ತದೆ. ಗೇರ್ ಒಂದೇ ಇರಬೇಕು ಎನ್ನುವುದು ಅದಕ್ಕೇ.

ಲಾರಿ ಚೆನ್ನಾಗಿರುವಾಗಲೇ ಈ ಪಟ್ಟಿ ಮಾಡಿಡಬೇಕು. ನೂರಾರು ಅಂಕಿ ತೋರಿಸುವ ಗೇಜ್ ಕೊಂಡು, ಸುಸ್ಥಿತಿಯ ಅಂಕಿಗಳನ್ನು ಒಂದು ಕಾಗದದಲ್ಲೂ ಬರೆದಿಡದವರಿಗೆ ಆ ಗೇಜಿನಿಂದ ಪ್ರಯೋಜನವಿಲ್ಲ ಎಂದೇ ನಾನು ಹೇಳುತ್ತೇನೆ. ಹಳೆಯ ಅಂಕಿ ಇಲ್ಲದಿದ್ದರೆ ಅದೇ ಮಾದರಿಯ, ಅಷ್ಟೇ ತೂಕ ಹೇರಿದ ಇನ್ನೊಂದು ಲಾರಿಯಲ್ಲಿ ಅಳೆದು ನೋಡಿ.

ಮೊದಲಿಗಿಂತ ಲೋಡ್ ಹೆಚ್ಚಿದ್ದರೆ ದೋಷ ಎಂಜಿನ್ನಿನ ಹೊರಗಿದೆ: ಚಕ್ರ, ಬ್ರೇಕ್, ಗಾಳಿತಡೆ, ಫ್ಯಾನ್. ಲೋಡ್ ಹಿಂದಿನಷ್ಟೇ ಇದ್ದು ಗಂಟೆಗೆ ಹೋಗುವ ಲೀಟರ್ ಹೆಚ್ಚಿದ್ದರೆ, ಅಥವಾ ಏರಿನಲ್ಲಿ ಲೋಡ್ 100 ತೋರಿಸಿದರೂ ಎಳೆತ ಸಾಲದಿದ್ದರೆ ಎಂಜಿನ್ನಿನ ಒಳಗೆ ಹುಡುಕಬೇಕು. ಎರಡೂ ಹಳೆಯಂತೆಯೇ ಇದ್ದರೆ ಡೀಸೆಲ್ ಹೋಗುತ್ತಿರುವುದು ಓಡಿಸುವ ರೀತಿಯಲ್ಲಿ, ನಿಲ್ಲಿಸುವ ರೀತಿಯಲ್ಲಿ.

ಲಕ್ಷಣ: ಸಮರಸ್ತೆಯಲ್ಲೂ ಲೋಡ್ ಹೆಚ್ಚು, ಲಾರಿ ಬಿಗಿಯಾಗಿ ಉರುಳುತ್ತದೆ

ಮೊದಲು ಟೈರ್ ಗಾಳಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ಗಾಳಿ ಅಳೆಯುವ ಗೇಜ್ ಇಟ್ಟೇ ನೋಡಿ; ಸುತ್ತಿಗೆಯಿಂದ ಬಡಿದು ಸದ್ದು ಕೇಳುವುದು ಅಳತೆಯಲ್ಲ. ಎಲ್ಲ ಟೈರಿನಲ್ಲೂ 10 ಪಿಎಸ್‌ಐ ಕಡಿಮೆ ಇದ್ದರೆ ಸರಿಸುಮಾರು ಶೇಕಡ 1ರಷ್ಟು ಮೈಲೇಜ್ ಹೋಗುತ್ತದೆ. ಜೋಡಿ ಚಕ್ರದ ಒಳಗಿನ ಟೈರನ್ನು ಬಿಡಬೇಡಿ, ಕಷ್ಟವೆಂದು ಎಲ್ಲರೂ ಬಿಡುವುದು ಅದನ್ನೇ. ಒಳಗಿನದರಲ್ಲಿ ಗಾಳಿ ಇಳಿದರೆ ಹೊರಗಿನದು ಇಡೀ ಭಾರ ಹೊರುತ್ತದೆ. ಓಡಿ ಬಂದು ಬಿಸಿಯಾದ ಟೈರಿನಿಂದ ಗಾಳಿ ಬಿಡಲೂ ಬಾರದು.

ಮುಂದಿನದು ಬ್ರೇಕ್ ಹಿಡಿದುಕೊಂಡಿರುವುದು. ಇದಕ್ಕೆ ದೂರದಿಂದಲೇ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಸಾಕು, ಬೆಲೆಯೂ ಹೆಚ್ಚಿಲ್ಲ. ಅರ್ಧ ಗಂಟೆ ಓಡಿಸಿ, ಕೊನೆಯಲ್ಲಿ ಬ್ರೇಕನ್ನು ಆದಷ್ಟು ಕಡಿಮೆ ಒತ್ತಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡಕಲ್ಲು ಕೊಟ್ಟು ಪ್ರತಿ ಹಬ್ಬಿನ, ಡ್ರಮ್ಮಿನ ಉಷ್ಣತೆ ನೋಡಿ. ಒಂದೇ ಆಕ್ಸಲಿನ ಎಡಕ್ಕೂ ಬಲಕ್ಕೂ ಮೂವತ್ತು ನಲವತ್ತು ಡಿಗ್ರಿ ವ್ಯತ್ಯಾಸ ಬಂದರೆ ಬಿಸಿ ಇರುವ ಕಡೆ ಬ್ರೇಕ್ ಲೈನರ್ ಉಜ್ಜುತ್ತಿದೆ, ಇಲ್ಲವೇ ಬೇರಿಂಗ್ ಹೋಗುತ್ತಿದೆ. ಕೈಯಿಂದ ಮುಟ್ಟಿ ನೋಡುವ ಅಭ್ಯಾಸ ಬಿಡಿ, ಚರ್ಮ ಸುಟ್ಟುಹೋಗುತ್ತದೆ. ಹಬ್ಬಿನಿಂದ ಹೊಗೆ, ಸುಟ್ಟ ವಾಸನೆ ಬಂದರೆ ಲಾರಿ ಅಲ್ಲಿಂದ ಮುಂದೆ ಹೋಗಬಾರದು. ಟೈರಿಗೆ ಬೆಂಕಿ ಹತ್ತುವುದು ಹೀಗೆಯೇ. ಬ್ರೇಕಿನ ಸಡಿಲ ಹೊಂದಿಸುವ ಸ್ಲ್ಯಾಕ್ ಅಡ್ಜಸ್ಟರ್ ಸರಿಮಾಡುವುದನ್ನು ಬ್ರೇಕ್ ಕೆಲಸ ಬಲ್ಲ ಮೆಕ್ಯಾನಿಕ್‌ಗೇ ಬಿಡಿ.

ಡ್ಯಾಶ್‌ಬೋರ್ಡಿನ ಏರ್ ಪ್ರೆಶರ್ ಗೇಜಿನ ಕಡೆಗೂ ಒಂದು ನೋಟ ಇರಲಿ. ಒತ್ತಡ 5 ಬಾರ್ ಆಸುಪಾಸಿಗಿಂತ ಕೆಳಗಿದ್ದರೆ ಹಿಂದಿನ ಸ್ಪ್ರಿಂಗ್ ಬ್ರೇಕ್ ಪೂರ್ತಿ ಬಿಡದೆ ಉಜ್ಜಬಹುದು. ಎಂಜಿನ್ ಆಫ್ ಮಾಡಿ, ಚಕ್ರಗಳಿಗೆ ಅಡ್ಡ ಕೊಟ್ಟು, ಮುಳ್ಳು ಎಷ್ಟು ಬೇಗ ಇಳಿಯುತ್ತದೆ ನೋಡಿ. ಬೇಗ ಇಳಿದರೆ ಎಲ್ಲೋ ಗಾಳಿ ಸೋರುತ್ತಿದೆ, ಕಂಪ್ರೆಸರ್ ಬಿಡುವಿಲ್ಲದೆ ದುಡಿಯುತ್ತಿದೆ, ಅದಕ್ಕೂ ಡೀಸೆಲ್ ಬೇಕು. ಡೀಸೆಲಿಗಿಂತ ಮೊದಲು ಬ್ರೇಕಿನ ದೃಷ್ಟಿಯಿಂದಲೇ ಇದು ಗಂಭೀರ.

ಟೈರಿನ ಒಂದು ಅಂಚು ಮಾತ್ರ ಸವೆದಿದ್ದರೆ, ಗುಂಡಿಯ ಮೇಲೆ ಕೈ ಆಡಿಸಿದಾಗ ಗರಗಸದಂತೆ ತಗಲಿದರೆ ಅಲೈನ್‌ಮೆಂಟ್ ಮಾಡಿಸಿ. ಹಿಂದಿನ ಆಕ್ಸಲುಗಳನ್ನೂ ಸೇರಿಸಿ ಎಂದು ಹೇಳಿಯೇ ಮಾಡಿಸಿ, ಮುಂದಿನದನ್ನು ಮಾತ್ರ ನೋಡಿ ಕಳಿಸುವವರೇ ಹೆಚ್ಚು. ಇನ್ನು ಸಡಿಲವಾಗಿ ಪಟಪಟನೆ ಬಡಿಯುವ ಟಾರ್ಪಾಲು ಗಾಳಿಗೆ ತಡೆ ಒಡ್ಡುತ್ತದೆ. ಎಳೆದು ಕಟ್ಟಿದರೆ ಆಯಿತು.

ಲಕ್ಷಣ: ಫ್ಯಾನ್ ಸದಾ ಅಬ್ಬರಿಸುತ್ತದೆ, ಅಥವಾ ಉಷ್ಣತೆ ಏರುವುದೇ ಇಲ್ಲ

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ವಿಸ್ಕಸ್ ಫ್ಯಾನ್ (ಬಿಸಿಗೆ ತಕ್ಕಂತೆ ತಾನೇ ಹಿಡಿದು ಬಿಡುವ ಕ್ಲಚ್ ಇರುವ ಫ್ಯಾನ್) ಜೋರಾಗಿ ತಿರುಗುವುದು ಸಹಜ. ಆಮೇಲೂ, ಕೂಲೆಂಟ್ ಇನ್ನೂ 80 ಡಿಗ್ರಿ ಇರುವಾಗಲೂ ಅದೇ ಅಬ್ಬರ ಇದ್ದರೆ ಫ್ಯಾನ್ ಕ್ಲಚ್ ಬಿಗಿದುಕೊಂಡಿದೆ. ದೊಡ್ಡ ಎಂಜಿನ್ನಿನ ಫ್ಯಾನ್ ಪೂರ್ಣ ವೇಗದಲ್ಲಿ ಹತ್ತಾರು ಅಶ್ವಶಕ್ತಿಯನ್ನು ನುಂಗಬಲ್ಲದು. ತಿರುಗುವ ಫ್ಯಾನಿಗೆ ಬಟ್ಟೆಯನ್ನೋ ಕಾಗದದ ಸುರುಳಿಯನ್ನೋ ಒತ್ತಿ ಕ್ಲಚ್ ಪರೀಕ್ಷಿಸುವವರನ್ನು ಕಂಡರೆ ತಡೆಯಿರಿ. ಎಂಜಿನ್ ನಿಲ್ಲಿಸಿ, ಕೀಲಿ ಜೇಬಿಗೆ ಹಾಕಿಕೊಂಡ ಮೇಲೆ ಕೈಯಿಂದ ತಿರುಗಿಸಿ ನೋಡಬೇಕು.

ಇದಕ್ಕಿಂತ ಹೆಚ್ಚು ಕಾಣಸಿಗುವ ತೊಂದರೆ ಎಂಜಿನ್ ತಣ್ಣಗೇ ಓಡುವುದು. ಹೆಚ್ಚಿನ ಲಾರಿ ಎಂಜಿನ್ನುಗಳು 80ರಿಂದ 95 ಡಿಗ್ರಿಯ ನಡುವೆ ಓಡಬೇಕು. ಅರ್ಧ ಗಂಟೆ ಹೆದ್ದಾರಿಯಲ್ಲಿ ಓಡಿದ ಮೇಲೂ 65, 70ರಲ್ಲೇ ನಿಂತಿದ್ದರೆ ಕೂಲೆಂಟಿನ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ, ಅಥವಾ ಅಲ್ಲಿ ಥರ್ಮೋಸ್ಟಾಟೇ ಇಲ್ಲ. "ಬಿಸಿಯಾಗುವ ರಗಳೆಯೇ ಬೇಡ" ಎಂದು ಅದನ್ನು ತೆಗೆದು ಬಿಸಾಡುವ ರೂಢಿ ನಮ್ಮಲ್ಲಿ ಹಳೆಯದು. ಇದು ಎಂಜಿನ್ನಿಗೆ ಮಾಡುವ ಅನ್ಯಾಯ. ತಣ್ಣನೆಯ ಎಂಜಿನ್ನಿನಲ್ಲಿ ಆಯಿಲ್ ಮಂದವಾಗಿ ಘರ್ಷಣೆ ಹೆಚ್ಚುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸಿಲಿಂಡರಿನ ಲೈನರ್ ಬೇಗ ಸವೆಯುತ್ತದೆ, ಬಿಎಸ್‌6 ಲಾರಿಯಲ್ಲಾದರೆ ಹೊಗೆಯ ಫಿಲ್ಟರಿನಲ್ಲಿ ನಿಂತ ಮಸಿ ಸುಡುವ ಕೆಲಸವೂ ನಡೆಯುವುದಿಲ್ಲ. ಶಿರಾಡಿಯಂಥ ಘಾಟಿ ಇಳಿಯುವಾಗ ಉಷ್ಣತೆ ತುಸು ಬೀಳುವುದು ದೋಷವಲ್ಲ; ಸಮರಸ್ತೆಗೆ ಬಂದ ಮೇಲೆ ಮತ್ತೆ ಏರಬೇಕು.

ಸೆನ್ಸರ್ ಸುಳ್ಳು ಹೇಳುತ್ತಿಲ್ಲ ಎಂದು ಖಚಿತಪಡಿಸಿಕೊಳ್ಳಲು ಥರ್ಮೋಸ್ಟಾಟ್ ಕೂರುವ ಕವಚಕ್ಕೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಗೇಜಿನ ಅಂಕಿಗೆ ಹೋಲಿಸಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಎಂದಿಗೂ ತೆರೆಯಬೇಡಿ. ಉಷ್ಣತೆ ಕೆಂಪು ಗುರುತು ಮುಟ್ಟಿದರೆ ಮೈಲೇಜಿನ ವಿಚಾರ ಬದಿಗಿಟ್ಟು ಲಾರಿ ನಿಲ್ಲಿಸಿ.

ಲಕ್ಷಣ: ಏರಿನಲ್ಲಿ ಎಳೆಯುವುದಿಲ್ಲ, ಒಂದು ಗೇರ್ ಕೆಳಗೆ ಬೇಕಾಗುತ್ತದೆ

ಗೇಜ್ ಇದ್ದವರಿಗೂ ಇಲ್ಲದವರಿಗೂ ನಿಜವಾದ ವ್ಯತ್ಯಾಸ ಕಾಣುವುದು ಇಲ್ಲಿ. ಎಳೆತ ಸಾಲದೆ ಚಾಲಕ ಆಕ್ಸಿಲೇಟರನ್ನು ನೆಲಕ್ಕೆ ಒತ್ತುತ್ತಾನೆ, ಕೆಳಗಿನ ಗೇರಿನಲ್ಲಿ ಹೆಚ್ಚು ಹೊತ್ತು ಓಡಿಸುತ್ತಾನೆ, ಡೀಸೆಲ್ ಅಲ್ಲಿ ಹೋಗುತ್ತದೆ. ಗಾಳಿಯ ಕೊರತೆಯೋ ಡೀಸೆಲಿನ ಕೊರತೆಯೋ ಎಂಬುದನ್ನು ಬೂಸ್ಟ್ ಮತ್ತು ಸೈಲೆನ್ಸರಿನ ಗ್ಯಾಸ್ ಉಷ್ಣತೆ, ಇವೆರಡನ್ನು ಜೊತೆಯಾಗಿ ಓದಿ ಬೇರ್ಪಡಿಸಬಹುದು.

ಬೂಸ್ಟ್ ಕಡಿಮೆ, ಗ್ಯಾಸ್ ಉಷ್ಣತೆ ಎಂದಿಗಿಂತ ಹೆಚ್ಚು: ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಬೂಸ್ಟೂ ಕಡಿಮೆ, ಉಷ್ಣತೆಯೂ ಕಡಿಮೆ: ಡೀಸೆಲೇ ಸಾಲದೆ ಬರುತ್ತಿದೆ, ಅಥವಾ ಯಾವುದೋ ಕಾರಣಕ್ಕೆ ಕಂಪ್ಯೂಟರ್ ತಾನೇ ಶಕ್ತಿ ಇಳಿಸಿದೆ. ಬೂಸ್ಟ್ ಸರಿಯಿದ್ದು ಉಷ್ಣತೆ ಮಾತ್ರ ಹೆಚ್ಚು: ಇಂಜೆಕ್ಟರ್ ಹೆಚ್ಚು ಸುರಿಯುತ್ತಿದೆ, ಇಲ್ಲವೇ ಸಮಯ ತಪ್ಪಿ ಸಿಂಪಡಿಸುತ್ತಿದೆ. ಹೋಲಿಸುವಾಗ ಒಂದೇ ಏರು, ಒಂದೇ ತೂಕ, ಒಂದೇ ಗೇರ್ ಇರಲಿ. ಬಿಎಸ್‌6 ಲಾರಿಗಳ ಸೆನ್ಸರುಗಳು ಹೆಚ್ಚಾಗಿ ಟರ್ಬೊ ದಾಟಿದ ಮೇಲಿರುವುದರಿಂದ ಅಲ್ಲಿನ ಅಂಕಿ ಸಹಜವಾಗಿಯೇ ಕಡಿಮೆ ಇರುತ್ತದೆ. ಟರ್ಬೊಗಿಂತ ಮುಂಚೆ ಬೇರೆಯಾಗಿ ಸೆನ್ಸರ್ ಕೂರಿಸಿದ್ದರೆ, 700 ಡಿಗ್ರಿ ಸಮೀಪಿಸಿದಾಗ ಆಕ್ಸಿಲೇಟರ್ ಸಡಿಲಿಸಿ ಗೇರ್ ಇಳಿಸಬೇಕು. ಅದೇ ಬಿಸಿಯಲ್ಲಿ ಬಹಳ ಹೊತ್ತು ಎಳೆಸಿದರೆ ಪಿಸ್ಟನ್, ಟರ್ಬೊ ಎರಡಕ್ಕೂ ಅಪಾಯ.

ಗಾಳಿಯ ಕೊರತೆ ಎಂದಾದರೆ ಮೊದಲು ಬೂಸ್ಟ್ ಸೆನ್ಸರನ್ನೇ ಪರೀಕ್ಷಿಸಿ, ಖರ್ಚಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಮಾತ್ರ ಆನ್ ಮಾಡಿ. ಆಗ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ ಮತ್ತು ಹೊರಗಿನ ಗಾಳಿಯ ಒತ್ತಡ ಎರಡೂ ಒಂದೇ ಇರಬೇಕು. ಮಂಗಳೂರಿನಲ್ಲಿ ಸುಮಾರು 101 ಕಿಲೋಪ್ಯಾಸ್ಕಲ್, ಹುಬ್ಬಳ್ಳಿಯಲ್ಲಿ 94, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88ರ ಆಸುಪಾಸು. ಬೆಂಗಳೂರಿನಲ್ಲಿ ನಿಂತ ಲಾರಿ 105 ತೋರಿಸಿದರೆ ಸೆನ್ಸರ್ ಕೆಟ್ಟಿದೆ, ಅಥವಾ ಎಣ್ಣೆ ಬೆರೆತ ಮಸಿ ಅದಕ್ಕೆ ಮೆತ್ತಿಕೊಂಡಿದೆ. ಕೆಲವು ಪರದೆಗಳು ವಾತಾವರಣದ ಒತ್ತಡವನ್ನೂ ಸೇರಿಸಿ ತೋರಿಸುತ್ತವೆ, ಕೆಲವು ಬಿಟ್ಟು ತೋರಿಸುತ್ತವೆ. 250 ಕಿಲೋಪ್ಯಾಸ್ಕಲ್ ಎಂದು ಕಂಡರೆ ಟರ್ಬೊ ಕೊಡುತ್ತಿರುವುದು ಸುಮಾರು 150 ಮಾತ್ರ, ಅಂದರೆ 1.5 ಬಾರ್. ಇದನ್ನು ಮರೆತು ಚೆನ್ನಾಗಿರುವ ಟರ್ಬೊ ಬದಲಿಸಿಬಿಡಬಾರದು.

ಮುಂದೆ ಏರ್ ಫಿಲ್ಟರ್. ಅದರ ಡಬ್ಬಿಯ ಮೇಲಿನ ಸೂಚಕ ಕೆಂಪಾಗಿದೆಯೇ ನೋಡಿ. ಸಂಡೂರು, ಹೊಸಪೇಟೆ ಕಡೆಯ ಅದಿರಿನ ಧೂಳಿನಲ್ಲಿ ಓಡುವ ಲಾರಿಗೆ ಕಂಪನಿ ಹೇಳಿದ ಕಿಲೋಮೀಟರ್ ಲೆಕ್ಕ ಸಾಲದು. ಅಲ್ಲಿ ಸೂಚಕವೇ ಪ್ರಮಾಣ. ಫಿಲ್ಟರನ್ನು ನೆಲಕ್ಕೆ ಬಡಿದು, ಜೋರು ಗಾಳಿ ಹೊಡೆದು ಮತ್ತೆ ಹಾಕಿದರೆ ಕಾಗದ ಹರಿದು ಧೂಳು ನೇರವಾಗಿ ಟರ್ಬೊಗೆ ಹೋಗುತ್ತದೆ.

ಆಮೇಲೆ ಟರ್ಬೊದಿಂದ ಗಾಳಿ ತಣಿಸುವ ಇಂಟರ್‌ಕೂಲರಿಗೆ, ಅಲ್ಲಿಂದ ಎಂಜಿನ್ನಿಗೆ ಹೋಗುವ ಹೋಸುಗಳು. ಕ್ಲಾಂಪಿನ ಸುತ್ತ ಎಣ್ಣೆ ಬೆರೆತ ಧೂಳಿನ ಕಪ್ಪು ಕಲೆ ಇದ್ದರೆ ಸೋರುವುದು ಅಲ್ಲಿಯೇ. ಭಾರ ಹೊತ್ತಾಗ ಸುಯ್ ಎಂಬ ಸದ್ದು ಕೇಳುವುದೂ ಇದೇ ಕಾರಣಕ್ಕೆ. ಹೋಸಿನ ಅಡಿಭಾಗವನ್ನು ಬೆರಳಿನಿಂದ ತಡವಿ ನೋಡಿ, ಬಿರುಕು ಇರುವುದು ಸಾಮಾನ್ಯವಾಗಿ ಕಣ್ಣಿಗೆ ಕಾಣದ ಕಡೆ. ಎಂಜಿನ್ ಆರಿದ ಮೇಲೆಯೇ ಈ ಕೆಲಸ ಮಾಡಬೇಕು, ಕ್ಯಾಬಿನ್ ಎತ್ತಿದ್ದರೆ ಅದರ ಲಾಕ್ ಬಿದ್ದಿದೆಯೇ ಎಂದು ಎರಡು ಸಲ ನೋಡಬೇಕು. ಗಾಳಿ ತುಂಬಿ ಇಂಟರ್‌ಕೂಲರ್ ಪರೀಕ್ಷಿಸುವುದನ್ನು ಸರಿಯಾದ ಮುಚ್ಚಳಗಳಿರುವ ಗ್ಯಾರೇಜಿನಲ್ಲೇ ಮಾಡಿಸಿ. ಕೈಗೆ ಸಿಕ್ಕ ಬಿರಡೆ ತುರುಕಿ ಗಾಳಿ ಬಿಟ್ಟರೆ ಅದು ಗುಂಡಿನಂತೆ ಹಾರಿ ಬರುತ್ತದೆ.

ಕಪ್ಪು ಹೊಗೆಯ ಬಗ್ಗೆ ಒಂದು ಮಾತು. ಬಿಎಸ್‌4 ಲಾರಿಯಲ್ಲಿ ಗಾಳಿ ಸಾಲದಿದ್ದರೆ ಸೈಲೆನ್ಸರಿನಲ್ಲಿ ಕಪ್ಪು ಹೊಗೆ ಕಾಣಬಹುದು. ಬಿಎಸ್‌6ರಲ್ಲಿ ಡಿಪಿಎಫ್ ಎಂಬ ಹೊಗೆಯ ಫಿಲ್ಟರ್ ಆ ಮಸಿಯನ್ನು ಹಿಡಿದಿಡುವುದರಿಂದ ಹೊಗೆ ಕಾಣುವುದಿಲ್ಲ. ಹೊಗೆ ಇಲ್ಲ, ಎಲ್ಲ ಸರಿಯಿದೆ ಎಂದುಕೊಳ್ಳುವ ಹಾಗಿಲ್ಲ. ಡಿಪಿಎಫ್ ಬೇಗ ಬೇಗ ತುಂಬುವುದೇ ಅಲ್ಲಿ ಹೊಗೆಯ ಲಕ್ಷಣ.

ಡೀಸೆಲಿನ ಕೊರತೆ ಎಂದಾದರೆ ಮೊದಲು ವಾಟರ್ ಸೆಪರೇಟರಿನ ಕೆಳಗಿನ ತಿರುಪು ಸಡಿಲಿಸಿ ನೀರು ಇಳಿಸಿ. ಮಳೆಗಾಲದಲ್ಲಿ ಇದನ್ನು ಪದೇಪದೇ ಮಾಡಬೇಕು. ನಂತರ ಫಿಲ್ಟರುಗಳು. ಅವನ್ನು ಬದಲಿಸಿದ ಮೇಲೂ ತೊಂದರೆ ಉಳಿದರೆ ಏರಿನಲ್ಲಿ ರೈಲ್ ಒತ್ತಡದ ಎರಡು ಅಂಕಿಗಳನ್ನು ನೋಡಿ: ಕಂಪ್ಯೂಟರ್ ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು. ಐಡಲಿನಲ್ಲಿ (ಲಾರಿ ನಿಂತು ಎಂಜಿನ್ ಮಾತ್ರ ಓಡುವಾಗ) ಎರಡೂ ಹೊಂದಿಕೊಂಡು, ಭಾರ ಬಿದ್ದಾಗ ಸಿಕ್ಕಿದ್ದು ಬಹಳ ಹಿಂದೆ ಬಿದ್ದರೆ ಟ್ಯಾಂಕಿನ ಜಾಲರಿ, ಫೀಡ್ ಪಂಪ್, ಹೈ ಪ್ರೆಶರ್ ಪಂಪ್, ಇಂಜೆಕ್ಟರಿನ ರಿಟರ್ನ್ ಸೋರಿಕೆ ಇವುಗಳಲ್ಲಿ ಒಂದು ಕಾರಣ.

ಇಲ್ಲಿಗೆ ನಿಮ್ಮ ಕೈಕೆಲಸ ಮುಗಿಯಬೇಕು. ಕಾಮನ್ ರೈಲಿನ ಒತ್ತಡ ಪೂರ್ಣ ಭಾರದಲ್ಲಿ 1,600 ಬಾರ್ ದಾಟುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಧಾರೆಯೂ ಚರ್ಮ ಸೀಳಿ ಒಳಗೆ ಡೀಸೆಲ್ ಚುಚ್ಚುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಬೆರಳು, ಕೈ ಕಳೆದುಕೊಳ್ಳುವ ಅಪಾಯ ಇರುತ್ತದೆ. ನೋವು ಇಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎಂಜಿನ್ ಓಡುತ್ತಿರುವಾಗ ಹಳೆಯ ಲಾರಿಗಳಲ್ಲಿ ಮಾಡುತ್ತಿದ್ದಂತೆ ಇಂಜೆಕ್ಟರ್ ಪೈಪಿನ ನಟ್ ಸಡಿಲಿಸಿ ನೋಡುವುದನ್ನು ಇಲ್ಲಿ ಮಾಡಲೇಬಾರದು.

ಲಕ್ಷಣ: ಮೇಲಿಂದ ಮೇಲೆ ಡಿಪಿಎಫ್ ಸುಡುವಿಕೆ

ಬಿಎಸ್‌6 ಲಾರಿಯಲ್ಲಿ ಮಸಿ ತುಂಬಿದಾಗ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಬಳಸಿ ಡಿಪಿಎಫ್ ಉಷ್ಣತೆಯನ್ನು 550–650 ಡಿಗ್ರಿಗೆ ಏರಿಸಿ ಮಸಿ ಸುಡುತ್ತದೆ. ಇದು ಸಹಜ ಕ್ರಿಯೆ. ಒಂದು ಸುಡುವಿಕೆಗೂ ಮುಂದಿನದಕ್ಕೂ ನಡುವೆ ಲಾರಿ ಎಷ್ಟು ಕಿಲೋಮೀಟರ್ ಓಡಿತು ಎಂದು ಬರೆದಿಡಿ. ಆ ಅಂತರ ಹಿಂದಿದ್ದುದರ ಅರ್ಧಕ್ಕೆ ಇಳಿದರೆ ಅದು ರೋಗದ ಲಕ್ಷಣ. ರೋಗ ಡಿಪಿಎಫ್‌ನಲ್ಲಿರುವುದು ಅಪರೂಪ. ಬೂಸ್ಟ್ ಸೋರಿಕೆ, ತಣ್ಣನೆಯ ಎಂಜಿನ್, ಸಿಕ್ಕಿಹಾಕಿಕೊಂಡ ಇಜಿಆರ್ ವಾಲ್ವ್ (ಸುಟ್ಟ ಗ್ಯಾಸಿನ ಸ್ವಲ್ಪ ಭಾಗವನ್ನು ಎಂಜಿನ್ನಿಗೇ ಮರಳಿಸುವುದು), ಸೋರುವ ಇಂಜೆಕ್ಟರ್, ಗಂಟೆಗಟ್ಟಲೆ ಐಡಲ್, ಇವೆಲ್ಲ ಮಸಿ ಹೆಚ್ಚಿಸುತ್ತವೆ. ಇವನ್ನು ಸರಿಪಡಿಸದೆ ಡಿಪಿಎಫ್ ತೊಳೆಸಿದರೆ ಅದು ಮತ್ತೆ ಬೇಗನೆ ಕಟ್ಟಿಕೊಳ್ಳುತ್ತದೆ.

ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಮೇಲಕ್ಕೆ ಏರಿದ್ದರೆ, ಡೀಸೆಲ್ ವಾಸನೆ ಬಂದರೆ, ಆಯಿಲಿಗೆ ಡೀಸೆಲ್ ಸೇರುತ್ತಿದೆ. ಆ ಎಂಜಿನ್ನನ್ನು ಇನ್ನು ಓಡಿಸಬೇಡಿ, ಬೇರಿಂಗುಗಳು ಹೋಗುತ್ತವೆ. ನಿಂತಲ್ಲೇ ಸುಡುವಿಕೆ ಮಾಡಿಸುವಾಗ ಸೈಲೆನ್ಸರಿನ ಬಳಿ ಒಣಹುಲ್ಲು, ಹತ್ತಿ, ಗೋಣಿಚೀಲ ಏನೂ ಇರಬಾರದು, ಮುಚ್ಚಿದ ಶೆಡ್ಡಿನಲ್ಲಂತೂ ಮಾಡಲೇಬಾರದು.

ಹೊಗೆಯ ವಿಷಾನಿಲ ಇಳಿಸಲು ಸಿಂಪಡಿಸುವ ಡಿಇಎಫ್, ನಮ್ಮ ಚಾಲಕರ ಮಾತಿನಲ್ಲಿ ಯೂರಿಯಾ, ಅದರ ದೀಪ ಹತ್ತಿ ಲಾರಿ ಎಳೆತ ಕಳೆದುಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಟ್ಯಾಂಕಿಗೆ ಸುರಿದ ದ್ರಾವಣವನ್ನು. ಅದರಲ್ಲಿ ಶೇಕಡ 32.5 ಯೂರಿಯಾ ಇರಬೇಕು, ಉಳಿದದ್ದು ಖನಿಜ ತೆಗೆದ ನೀರು. ಗೊಬ್ಬರದ ಯೂರಿಯಾ ಕಲಸಿದ ಅಗ್ಗದ ದ್ರಾವಣ ನಳಿಕೆಯನ್ನೂ ಕ್ಯಾಟಲಿಸ್ಟನ್ನೂ ಹಾಳುಮಾಡುತ್ತದೆ. ಡಿಇಎಫ್ ಇಲ್ಲದೆಯೂ ಓಡುವಂತೆ ಸೆನ್ಸರಿಗೆ ಮೋಸ ಮಾಡುವ ಪೆಟ್ಟಿಗೆ ಕೂರಿಸುವುದು ಕಾನೂನುಬಾಹಿರ. ಆ ಹೊಗೆಯನ್ನು ಕುಡಿಯುವವರು ನಮ್ಮ ಊರಿನ ಮಕ್ಕಳೇ.

ಲಕ್ಷಣ: ಎಲ್ಲ ಅಂಕಿಗಳೂ ಸರಿ, ಮೈಲೇಜ್ ಮಾತ್ರ ಇಲ್ಲ

ಗಂಟೆಗೆ ಲೀಟರ್ ಎಂಬ ಅಂಕಿಯನ್ನು ಲಾರಿ ನಿಂತಿರುವಾಗ ನೋಡಿ. ಎಂಜಿನ್ ಗಾತ್ರಕ್ಕೆ ತಕ್ಕಂತೆ ಐಡಲಿನಲ್ಲಿ ಗಂಟೆಗೆ ಒಂದೂವರೆಯಿಂದ ಮೂರು ಲೀಟರ್ ಹೋಗುತ್ತದೆ. ಲೋಡಿಂಗ್ ಸಾಲಿನಲ್ಲಿ, ಚೆಕ್‌ಪೋಸ್ಟಿನಲ್ಲಿ, ಊಟಕ್ಕೆ ನಿಂತಾಗ ಓಡುತ್ತಲೇ ಇರುವ ಎಂಜಿನ್ ಇಡೀ ಟ್ರಿಪ್ಪಿನ ಲೆಕ್ಕ ಕೆಡಿಸಬಲ್ಲದು. ಟೆಲಿಮ್ಯಾಟಿಕ್ಸ್ ಇದ್ದರೆ ಐಡಲ್ ಗಂಟೆಗಳು ಅದರಲ್ಲೇ ಸಿಗುತ್ತವೆ. ಹೆಚ್ಚು ಹೊತ್ತು ನಿಲ್ಲುವುದಾದರೆ ಆಫ್ ಮಾಡಿ. ದೊಡ್ಡ ಏರು ಹತ್ತಿ ಬಂದ ಕೂಡಲೇ ಮಾತ್ರ ಟರ್ಬೊ ತಣಿಯಲು ಎರಡು ಮೂರು ನಿಮಿಷ ಬಿಟ್ಟು ಆಮೇಲೆ ನಿಲ್ಲಿಸಿ.

ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆ ಎಂಬ ನಂಬಿಕೆಯನ್ನು ಈ ಗೇಜ್ ಕಣ್ಣೆದುರೇ ಅಳಿಸುತ್ತದೆ. ಗೇರಿನಲ್ಲಿಟ್ಟು ಆಕ್ಸಿಲೇಟರಿನಿಂದ ಕಾಲು ತೆಗೆದರೆ ಎಂಜಿನ್ ಕಂಪ್ಯೂಟರ್ ಡೀಸೆಲ್ ಪೂರೈಕೆಯನ್ನೇ ನಿಲ್ಲಿಸುತ್ತದೆ, ಗೇಜ್ 0 ತೋರಿಸುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲಿಗೆ ತಂದರೆ ಎಂಜಿನ್ ಆರದಿರಲು ಡೀಸೆಲ್ ಬೇಕು, ಗೇಜ್ ಐಡಲಿನ ಅಂಕಿಗೆ ಏರುತ್ತದೆ. ಘಾಟಿಯಲ್ಲಿ ಹೋಗಿ ಇದನ್ನು ಪರೀಕ್ಷಿಸುವುದು ಬೇಡ. ಗೇರಿನಲ್ಲಿದ್ದಾಗಿನ 0 ಮತ್ತು ನಿಂತಾಗಿನ ಐಡಲ್ ಅಂಕಿ, ಇವೆರಡನ್ನು ನೋಡಿದರೆ ಸಾಕು. ನ್ಯೂಟ್ರಲಿನಲ್ಲಿ ಎಂಜಿನ್ ಬ್ರೇಕ್ ಇಲ್ಲ, ಎಕ್ಸಾಸ್ಟ್ ಬ್ರೇಕಿಗೆ ಹಿಡಿತವಿಲ್ಲ, ಇಡೀ ಭಾರ ಬ್ರೇಕ್ ಲೈನರುಗಳ ಮೇಲೆ ಬಿದ್ದು ಅವು ಕಾದು ಕೆಲಸ ಬಿಡುತ್ತವೆ. ಶಿರಾಡಿ, ಅರಬೈಲು ಘಾಟಿಗಳಂಥ ಇಳಿಜಾರಿನಲ್ಲಿ ಬ್ರೇಕ್ ಕೈಕೊಟ್ಟ ಲಾರಿಯ ಗತಿ ಏನೆಂದು ಆ ರಸ್ತೆಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಅದೇ ಗೇರ್, ಅಥವಾ ಅದಕ್ಕಿಂತ ಒಂದು ಕಡಿಮೆ.

ಉಳಿದದ್ದು ವೇಗ. ಗಾಳಿಯನ್ನು ಸೀಳುವುದಕ್ಕೆ ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ: 60ರಿಂದ 80ಕ್ಕೆ ಹೋದರೆ ಗಾಳಿಗೆಂದೇ ಹೆಚ್ಚುಕಡಿಮೆ 2.4 ಪಟ್ಟು ಶಕ್ತಿ ಬೇಕು. ದೂರ ಅಷ್ಟೇ ಇದ್ದು ಸಮಯ ಕಡಿಮೆ ತಗಲುವುದರಿಂದ ಕಿಲೋಮೀಟರಿಗೆ ಬೀಳುವ ಹೊರೆ 1.8 ಪಟ್ಟು. ಅದೇ ಮಟ್ಟಸದ ರಸ್ತೆಯಲ್ಲಿ ಒಮ್ಮೆ 60ರಲ್ಲಿ, ಒಮ್ಮೆ 70ರಲ್ಲಿ ಓಡಿಸಿ ಲೀಟರ್ ಅಂಕಿ ಬರೆದುಕೊಂಡು ಚಾಲಕನ ಜೊತೆ ಕುಳಿತು ನೋಡಿ. ಬೈಯುವುದಕ್ಕಿಂತ ಅದು ಹೆಚ್ಚು ಕೆಲಸ ಮಾಡುತ್ತದೆ. ತಲುಪಲು ಅಸಾಧ್ಯವಾದ ಸಮಯ ಕೊಟ್ಟು ಮೈಲೇಜನ್ನೂ ಕೇಳುವುದು ನ್ಯಾಯವಲ್ಲ, ಅದನ್ನು ಸರಿಪಡಿಸಬೇಕಾದವರು ಮಾಲೀಕರು.

ಗ್ಯಾರೇಜಿಗೆ ಹೋಗುವಾಗ

ಕೆಂಪು ಸ್ಟಾಪ್ ದೀಪ, ಆಯಿಲ್ ಪ್ರೆಶರ್ ದೀಪ, ಇದ್ದಕ್ಕಿದ್ದಂತೆ ಲೋಹ ಬಡಿಯುವ ಸದ್ದು, ಸೈಲೆನ್ಸರಿನಿಂದ ಆಯಿಲ್ ಸುಟ್ಟ ನೀಲಿ ಹೊಗೆ ಅಥವಾ ನಿಲ್ಲದ ಬಿಳಿ ಹೊಗೆ ಕಂಡರೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ. ಉಳಿದ ಸಂದರ್ಭಗಳಲ್ಲಿ, ಹೊರಡುವ ಮೊದಲು ಸ್ಕ್ಯಾನರಿನಲ್ಲಿ ಕಂಡ ದೋಷದ ಕೋಡುಗಳನ್ನು ಬರೆದುಕೊಳ್ಳಿ, ಅಳಿಸಬೇಡಿ. ಅಳಿಸಿದರೆ ದೋಷ ಯಾವಾಗ ಬಂತು, ಆಗ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಲೋಡ್ ಇತ್ತು ಎಂಬ ದಾಖಲೆಯೂ ಹೋಗುತ್ತದೆ.

ಮೆಕ್ಯಾನಿಕ್‌ಗೆ "ಮೈಲೇಜ್ ಇಲ್ಲ" ಎಂದಷ್ಟೇ ಹೇಳಬೇಡಿ. ಒಂದೇ ರಸ್ತೆಯಲ್ಲಿ, ಒಂದೇ ತೂಕದಲ್ಲಿ, ಹಿಂದೆ ಬೂಸ್ಟ್ ಇಷ್ಟು ಇತ್ತು, ಈಗ ಇಷ್ಟಿದೆ. ಉಷ್ಣತೆ ಇಷ್ಟಿತ್ತು, ಈಗ ಇಷ್ಟಾಗಿದೆ ಎಂದು ಕಾಗದದಲ್ಲಿ ಬರೆದು ಕೊಡಿ. ಒಂದು ಸಲಕ್ಕೆ ಒಂದೇ ಬಿಡಿಭಾಗ ಬದಲಿಸಲು ಹೇಳಿ, ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದುಕೊಳ್ಳಿ. ಕೆಲಸ ಮುಗಿದ ಮೇಲೆ ಅದೇ ಮಟ್ಟಸದ ರಸ್ತೆಗೆ ಹೋಗಿ, ಅದೇ ಗೇರಿನಲ್ಲಿ, ಅದೇ 60ರಲ್ಲಿ ಎರಡೂ ದಿಕ್ಕಿಗೆ ಓಡಿಸಿ, ಹೊಸ ಅಂಕಿಗಳನ್ನು ದಿನಾಂಕದೊಡನೆ ಬರೆದು ಲಾರಿಯ ಕಾಗದಪತ್ರಗಳ ಜೊತೆಗೆ ಇಡಿ.